ಅವಳಿ ಹಲಗೆಗಳು

"ಇದನ್ನ ಮುಟ್ಟಬಹುದಾ ಮೇಡಂ?" ಎಂದು ಇನ್ಸ್‌ಪೆಕ್ಟರ್ ಕೇಳುವಾಗ ಅವರ ಕೈ ಆಗಲೇ ಸುಟ್ಟ ಹಲಗೆಯ ಮೇಲಿತ್ತು.

"ಮುಟ್ಟಿ ಆದ್ಮೇಲೆ ಕೇಳ್ತೀರಲ್ಲ ಸಾಹೇಬ್ರೇ. ಹೋಗಿ ತಣ್ಣೀರಲ್ಲಿ ಕೈ ತೊಳ್ಕೊಳ್ಳಿ. ಗಾಜಿನ ಎಳೆ ಚರ್ಮಕ್ಕೆ ಹೊಕ್ಕಿದ್ರೆ ವಾರವಿಡೀ ಕೆರ್ಕೊಳ್ತಾ ಕೂರ್ತೀರಿ."

ಬೂದಿ ಮೇಡಂ ತಲೆ ಎತ್ತಲಿಲ್ಲ. ಪರೀಕ್ಷಾ ಶೆಡ್ಡಿನ ಸಿಮೆಂಟು ನೆಲದ ಮೇಲೆ ಮಂಡಿಯೂರಿ, ಹೊಲಿಗೆ ಸೂಜಿಯ ತುದಿಯಿಂದ ಹಲಗೆಯ ಪದರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಅಗ್ನಿಶಾಮಕ ದಳದಲ್ಲಿ ಅರ್ಧ ಆಯಸ್ಸು ಕಳೆದ ಹೆಂಗಸು. ಬೆಂಕಿ ಆರಿಸುವುದಕ್ಕಿಂತ, ಆರಿದ ಮೇಲೆ ಉಳಿದದ್ದನ್ನು ಓದುವುದರಲ್ಲೇ ಹೆಸರು ಮಾಡಿದ್ದರು. ಅದರಿಂದಲೇ ಆ ಅಡ್ಡಹೆಸರು. ನಿವೃತ್ತಿಯಾದ ಮೇಲೂ ಪೊಲೀಸರು ಇಂಥ ಕಡೆಗೆಲ್ಲ ಅವರನ್ನು ಕರೆದುಕೊಂಡು ಬರುತ್ತಿದ್ದರು.

ಎದುರಿಗೆ ದೊಡ್ಡ ಕುಲುಮೆ. ಅದರ ಕಬ್ಬಿಣದ ಬಾಗಿಲು ಸರಪಳಿಯಿಂದ ಮೇಲಕ್ಕೆ ಏಳುವಂಥದ್ದು. ಅದರ ಮುಂದೆ ಒಬ್ಬ ಆಳು ನಿಲ್ಲುವಷ್ಟು ಇಕ್ಕಟ್ಟಾದ ಗೂಡು; ಕುಲುಮೆ ಮುಚ್ಚುವವರೆಗೆ ಅದರ ಹಿಂಬಾಗಿಲು ತೆರೆಯದು. ಕಳೆದ ತಿಂಗಳು ಆ ಗೂಡಿನಲ್ಲೇ ಕಾರ್ಖಾನೆಯ ಯಜಮಾನರ ಒಬ್ಬನೇ ಮಗ, ಇಲ್ಲಿನ ಕೆಮಿಸ್ಟ್, ತಾನೇ ಮಾಡಿದ ಹಲಗೆಯ ಹಿಂದೆ ನಿಂತು ಎಲ್ಲರ ಕಣ್ಣೆದುರೇ ಸುಟ್ಟು ಸತ್ತಿದ್ದ.

ಈ ಕಾರ್ಖಾನೆಯಲ್ಲಿ ತಯಾರಾಗುವುದೇ ಆ ಹಲಗೆ. ಗಾಜಿನ ನಾರಿನಿಂದ ನೇಯ್ದ ಬಟ್ಟೆಗೆ ರೆಸಿನ್ ಎಂಬ ಅಂಟುದ್ರವ ಕುಡಿಸಿ, ಒಣಗಿಸಿ, ಪದರದ ಮೇಲೆ ಪದರ ಪೇರಿಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಲೋಹ ಕರಗಿಸುವ ಫೌಂಡ್ರಿಗಳಲ್ಲಿ ಕುಲುಮೆಯ ಬಾಗಿಲು ತೆರೆದಾಗ ಕೆಲಸಗಾರನ ಮೈಗೂ ಬೆಂಕಿಗೂ ನಡುವೆ ಇರುವುದು ಇಂಥದೊಂದು ಹಲಗೆ ಮಾತ್ರ. ಇಲ್ಲಿನ ಹೆಚ್ಚುಗಾರಿಕೆಯೆಲ್ಲ ರೆಸಿನ್ನಿನ ಮಿಶ್ರಣದಲ್ಲಿತ್ತು. ಒಂದು ಜಾತಿಯದು ಬೆಂಕಿಗೆ ಜಗ್ಗದು, ಆದರೆ ಒಣಕಡ್ಡಿಯ ಹಾಗೆ ಪಟ್ಟನೆ ಮುರಿಯುತ್ತದೆ. ಇನ್ನೊಂದು ಹಿಡಿದರೆ ಬಿಡದ ಅಂಟು, ಆದರೆ ಶಾಖ ತಾಕಿದರೆ ಮೆತ್ತಗಾಗುತ್ತದೆ. ಎರಡನ್ನೂ ಹದವರಿತು ಬೆರೆಸಿ ಬೇಯಿಸಿದರೆ ದೋಷ ಕಳೆದು ಗುಣ ಮಾತ್ರ ಉಳಿಯುತ್ತದೆ.

"ಈಗ ಇಲ್ಲಿ ನೋಡಿ," ಎಂದು ಮೇಡಂ ಎರಡು ತುಂಡುಗಳನ್ನು ಅಕ್ಕಪಕ್ಕ ಇಟ್ಟರು. "ಇದು ಕೆಮಿಸ್ಟ್ ಹಿಂದೆ ಮಾಡಿದ್ದ ಒಳ್ಳೇ ಹಲಗೆ. ಬೆಳಗ್ಗೆ ನಾನೇ ಬೆಂಕಿಗೆ ಹಿಡಿದೆ. ಏನಾಗಿದೆ?"

"ಕಪ್ಪಗಾಗಿದೆ. ಕಲ್ಲಿದ್ದಲಿನ ಹಾಗೆ."

"ಬಾಗ್ಸಿ ನೋಡಿ."

ಇನ್ಸ್‌ಪೆಕ್ಟರ್ ಬಾಗಿಸಲು ನೋಡಿದರು. ಅವರ ಮೋರೆ ಕೆಂಪಾಯಿತೇ ಹೊರತು ಹಲಗೆ ಬಾಗಲಿಲ್ಲ.

"ಇದು ಅವನನ್ನ ಕೊಂದ ಹಲಗೆ." ಮೇಡಂ ಸೂಜಿಯಲ್ಲಿ ಎತ್ತಿದ ಪದರ ತೊಳೆದು ಒಣಹಾಕಿದ ಕರ್ಚೀಫಿನ ಹಾಗೆ ಜೋತುಬಿತ್ತು. ಅದು ಬೆಳ್ಳಗಿತ್ತು. "ಸರಿಯಾದ ರೆಸಿನ್ ಸುಟ್ರೆ ಕಪ್ಪು ಕವಚ ಆಗಿ ಬಟ್ಟೆನ ಹಿಡ್ಕೊಂಡಿರುತ್ತೆ. ಇದರಲ್ಲಿ ರೆಸಿನ್ನೆಲ್ಲ ಉರಿದು ಗಾಳಿಗೆ ಹೋಗಿದೆ, ಬರೀ ಬಟ್ಟೆ ಉಳಿದಿದೆ. ಇದು ಅವನ ಮಿಶ್ರಣ ಅಲ್ಲವೇ ಅಲ್ಲ. ಒಣಗೋಕೆ ಇಟ್ಟಿದ್ದ ಅವನ ಬಟ್ಟೆ ತೆಗೆದು, ಬರೀ ಅಂಟಿನ ಜಾತಿಯ ಸಾದಾ ರೆಸಿನ್ ಕುಡಿಸಿದ ಬಟ್ಟೆ ಯಾರೋ ಇಟ್ಟಿದಾರೆ."

"ಅವನ ಕಣ್ಣಿಗೆ ಗೊತ್ತಾಗ್ಲಿಲ್ವಾ?"

ಮೇಡಂ ಬಟ್ಟೆಯ ಮಡಿಕೆಯಿಂದ ಸೂಜಿಯ ತುದಿಗೆ ಏನನ್ನೋ ಎತ್ತಿಕೊಂಡರು. ತುಕ್ಕಿನಂಥ ಕೆಂಪು ಪುಡಿ. "ಅವನ ಮಿಶ್ರಣ ಕಂದು ಬಣ್ಣ. ಸಾದಾ ರೆಸಿನ್ ತಿಳಿ. ಅದಕ್ಕೇ ಬಣ್ಣ ಬೆರೆಸಿದಾರೆ. ಬೆಂಕಿ ಎಲ್ಲಾನೂ ತಿಂದಿದೆ, ಈ ಬಣ್ಣದ ಪುಡಿ ಮಾತ್ರ ಅರಗಿಸಿಕೊಂಡಿಲ್ಲ."

"ಹಾಗಾದ್ರೆ ಕೊಲೆ." ಇನ್ಸ್‌ಪೆಕ್ಟರ್ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು.

"ಕೊಲೆ. ಆದ್ರೆ ಸಾಹೇಬ್ರೇ, ಬಣ್ಣ ಬೆರೆಸಿದೋರು ವಾಸನೆಗೆ ಏನೂ ಮಾಡಿಲ್ಲ. ಅವನ ಮಿಶ್ರಣ ಆಸ್ಪತ್ರೆ ನೆಲದ ಹಾಗೆ ನಾರುತ್ತೆ. ಸಾದಾದ್ದು ಉಗುರು ಬಣ್ಣದ ಹಾಗೆ ಸಿಹಿ ಸಿಹಿ. ಪ್ರೆಸ್ಸಿಗೆ ಇಡುವಾಗಲೇ ಗೊತ್ತಾಗ್ಬೇಕು."

"ಕೆಮಿಸ್ಟ್‌ಗೆ ಅವತ್ತು ನೆಗಡಿ ಇತ್ತೇನೋ."

"ನೆಗಡಿ ಬರೋ ದಿನ ಕಾಯ್ಕೊಂಡು ಯಾರೂ ಕೊಲೆ ಮಾಡಲ್ಲ. ಅವನಿಗೆ ವಾಸನೆಯೇ ಗೊತ್ತಾಗ್ತಿರ್ಲಿಲ್ಲ. ಇದನ್ನ ಮಾಡಿದೋರಿಗೆ ಆ ವಿಷಯ ಗೊತ್ತಿತ್ತು."

ಹೊರಗೆ ಲಾರಿಯ ಎಂಜಿನ್ನು ಗುರುಗುಟ್ಟಿತು.

*

ಅಂಗಳದಲ್ಲಿ ಯಜಮಾನರು ಲಾರಿ ಹತ್ತಲು ಸಿದ್ಧರಾಗಿದ್ದರು. ಮಗ ಸತ್ತ ಮೇಲೆ ಅವರ ಅಂಗಿ ಒಂದು ಅಳತೆ ದೊಡ್ಡದಾದಂತೆ ಕಾಣುತ್ತಿತ್ತು. ಹಿಂದೆ, ಗೋಣಿಯಲ್ಲಿ ಸುತ್ತಿದ ಹಲಗೆಯೊಂದನ್ನು ಅವರ ಮಗಳು ಹಗ್ಗದಿಂದ ಬಿಗಿಯುತ್ತಿದ್ದಳು. ಕೂದಲು ಎತ್ತಿ ಕಟ್ಟಿ, ತೋಳು ಮಡಚಿ, ಗಂಡಾಳಿನ ಹಾಗೆ ಗಂಟು ಹಾಕುತ್ತಿದ್ದಳು.

"ಫೌಂಡ್ರಿಗೆ ಹೊರಟಿದೀನಿ ಮೇಡಂ," ಎಂದರು ಯಜಮಾನರು. "ಅಲ್ಲಿ ಕೆಲಸ ಮಾಡೋರು ನಮ್ಮ ಹಲಗೆ ಹಿಂದೆ ನಿಲ್ಲಲ್ಲ ಅಂತ ಹಟ ಹಿಡಿದಾರೆ. ತಪ್ಪೇನು? ಮಾಡಿದೋನೇ ಸುಟ್ಟುಹೋದ ಅಂದ್ರೆ ಯಾರು ನಂಬ್ತಾರೆ? ಅದಕ್ಕೇ ಮೊದಲು ನಾನೇ ನಿಲ್ತೀನಿ. ನನ್ನ ಮಗ ಸುಳ್ಳುಗಾರ ಅಲ್ಲ ಅಂತ ತೋರಿಸಬೇಕು."

"ಈ ಹಲಗೆ ಯಾರು ಮಾಡಿದ್ದು?"

"ಇನ್ಯಾರು? ನನ್ನ ಸೊಸೆ. ಎರಡು ಮಾಡಿದಾಳೆ. ಒಂದು ನಂಗೆ, ಇನ್ನೊಂದು ಇವತ್ತು ಮಧ್ಯಾಹ್ನ ಇಲ್ಲಿ ವ್ಯಾಪಾರಸ್ಥರ ಮುಂದೆ ಅಳಿಯ ನಿಂತು ತೋರಿಸೋಕೆ."

ಮೇಡಂ ಕೇಳಿದರು. "ಒಂದು ಮಾತು. ನಿಮ್ಮ ಮಗನಿಗೆ ವಾಸನೆ ಗೊತ್ತಾಗ್ತಿತ್ತಾ?"

ಮುದುಕ ನಕ್ಕೇಬಿಟ್ಟರು. "ಅವನಿಗಾ? ನಾಯಿ ಮೂಗು ಅವನದು! ಡ್ರಮ್ಮಿನ ಮುಚ್ಚಳ ತೆಗೆದ್ರೆ ಸಾಕು, ರೆಸಿನ್ ಹಳೇದೋ ಹೊಸದೋ ಹೇಳ್ಬಿಡೋನು." ಅಷ್ಟು ಹೇಳಿ ಲಾರಿಯ ಕಡೆ ಮುಖ ತಿರುಗಿಸಿದರು.

"ಹೊತ್ತಾಯ್ತಪ್ಪಾ," ಎಂದಳು ಮಗಳು, ಹಗ್ಗ ಕೊಡವಿ. ಅಪ್ಪನ ರಟ್ಟೆ ಹಿಡಿದು ಹತ್ತಿಸಿದಳು, ತಾನೂ ಪಕ್ಕದಲ್ಲಿ ಕುಳಿತಳು. ಲಾರಿ ಗೇಟು ದಾಟಿತು.

"ಹೆತ್ತ ತಂದೆಗೇ ಗೊತ್ತಿಲ್ಲ," ಎಂದರು ಇನ್ಸ್‌ಪೆಕ್ಟರ್. "ನಿಮ್ಮ ಲೆಕ್ಕ ತಪ್ಪಿರಬಹುದು ಮೇಡಂ."

"ಅಥವಾ ಮಗ ಮುಚ್ಚಿಟ್ಟಿದ್ದ. ಮೂಗಿಲ್ಲದ ಕೆಮಿಸ್ಟು ಅಂದ್ರೆ ಹಾವಾಡಿಗನ ಹಲ್ಲಿಲ್ಲದ ಹಾವು. ಯಾರು ಮರ್ಯಾದೆ ಕೊಡ್ತಾರೆ?"

ಆಫೀಸಿನ ಮೆಟ್ಟಿಲ ಮೇಲೆ ಅಳಿಯ ನಿಂತಿದ್ದ. ಕಾರ್ಖಾನೆಯಲ್ಲಿ ಅವನಿಗೆ ಇಸ್ತ್ರಿ ಎಂದು ಹೆಸರು. ರೆಸಿನ್, ಧೂಳು, ಎಣ್ಣೆ ಯಾವುದೂ ಅವನ ಬಟ್ಟೆಯ ಹತ್ತಿರ ಸುಳಿಯುತ್ತಿರಲಿಲ್ಲ. ಭಾವ ಸತ್ತ ವಾರದೊಳಗೆ ಅವನ ಕುರ್ಚಿಯಲ್ಲಿ ಕುಳಿತವನು ಇವನೇ. ಈಗ ಕನ್ನಡಿಯಂತಿದ್ದ ಕಿಟಕಿಗೆ ಮುಖ ಮಾಡಿ ಮಧ್ಯಾಹ್ನದ ಭಾಷಣ ಒಪ್ಪಿಸುತ್ತಿದ್ದ: "ನಾನು ರೂಪಿಸಿದ ಈ ಹೊಸ ಮಿಶ್ರಣ..."

"ನೀವು ರೂಪಿಸಿದ್ದಾ?" ಎಂದು ಮೇಡಂ ಹಿಂದಿನಿಂದ ಕೇಳಿದಾಗ ಅವನು ಬೆಚ್ಚಿಬಿದ್ದ.

"ಅಂದ್ರೆ... ನಮ್ಮ ಮನೆಯವರು ರೂಪಿಸಿದ್ದು. ಮನೆ ಅಂದ್ಮೇಲೆ ನಾನೂ ಬಂದೆ ತಾನೆ?"

"ಬಂದ್ರಿ, ಬಂದ್ರಿ. ನಿಮ್ಮ ಭಾವನಿಗೆ ವಾಸನೆ ತಿಳೀತಿತ್ತಾ?"

ಅವನು ಪೆಚ್ಚಾಗಿ ನೋಡಿದ. "ವಾಸನೆನಾ? ನಂಗೇನು ಗೊತ್ತು ಮೇಡಂ? ನಾನು ಆ ಮಿಕ್ಸಿಂಗ್ ರೂಮಿನ ಕಡೆ ಹೋಗೋದೇ ಇಲ್ಲ. ತಲೆ ನೋಯುತ್ತೆ." ಉತ್ತರ ಬೇಗ ಬಂತು. ಕಣ್ಣು ಮಾತ್ರ ಶೆಡ್ಡಿನ ಕಡೆ ಹೊರಳಿತು.

"ಇವನೇ," ಎಂದು ಪಿಸುಗುಟ್ಟಿದರು ಇನ್ಸ್‌ಪೆಕ್ಟರ್. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತಾನೆ. ಸಂಜೆ ಒಳಗೆ ಬಾಯಿ ಬಿಡಿಸ್ತೀನಿ."

"ಬಿಡಿಸಿ. ಅಲ್ಲಿವರೆಗೆ ವ್ಯಾಪಾರಕ್ಕೆ ಬಂದ ಅತಿಥಿಗಳ ಜೊತೆ ಕೂತು ಅವನ ಮೇಲೆ ಒಂದು ಕಣ್ಣಿಡಿ."

*

ಪ್ರೆಸ್ಸಿನ ಪಕ್ಕದಲ್ಲಿ ಹಲಗೆಯ ಅಂಚು ಕತ್ತರಿಸಿ ಎಸೆದ ತುಂಡುಗಳ ತೊಟ್ಟಿ ಇತ್ತು. ಸಿಕ್ಕಿದ್ದನ್ನೆಲ್ಲ ಸುಟ್ಟು ನೋಡುವುದು ಬೂದಿ ಮೇಡಂ ಚಾಳಿ. ಹೊಸದಾಗಿ ಕತ್ತರಿಸಿದ ಒಂದು ಪಟ್ಟಿ ತೆಗೆದು ಲೈಟರ್ ಹಿಡಿದರು. ಪಟ್ಟಿ ಕೆಂಪಗೆ ಕಾದು, ಕಪ್ಪಾಗಿ, ತಾನೇ ಆರಿತು. ಒಳ್ಳೆಯದು.

ಇನ್ನೊಂದು ಪಟ್ಟಿ ತೆಗೆದರು. ನೋಡಲು ಅದೇ ಕಂದು, ಅದೇ ದಪ್ಪ.

ಅದು ಎಣ್ಣೆ ಬತ್ತಿಯ ಹಾಗೆ ಭುಗ್ಗೆಂದಿತು. ಕಪ್ಪು ಹೊಗೆ ಸುರುಳಿ ಸುತ್ತಿ ಮೇಲೆದ್ದಿತು. ಉರಿ ಮುಗಿದಾಗ ಕೈಯಲ್ಲಿ ಉಳಿದದ್ದು ಒಂದು ಬಿಳಿ ಬಟ್ಟೆಯ ಚೂರು. ಮಡಿಕೆಯಲ್ಲಿ ಕೆಂಪು ಪುಡಿ.

ಮೇಡಂ ಕಪ್ಪು ಪಟ್ಟಿಯನ್ನೂ ಬಿಳಿ ಚೂರನ್ನೂ ಅಕ್ಕಪಕ್ಕ ಹಿಡಿದರು. ಎರಡು ಹಲಗೆ. ಎರಡನ್ನೂ ಮಾಡಿದವಳು ಒಬ್ಬಳೇ. ಒಂದು ಉಳಿಸುವಂಥದ್ದು, ಇನ್ನೊಂದು ಕೊಲ್ಲುವಂಥದ್ದು.

ಮಿಕ್ಸಿಂಗ್ ರೂಮು ಹತ್ತು ಹೆಜ್ಜೆ ದೂರದಲ್ಲಿತ್ತು. ಒಳಗಿನ ಆವಿಗೆ ಕಿಡಿ ತಾಕಬಾರದೆಂದು ಫೋನು, ಲೈಟರು ಎಲ್ಲವನ್ನೂ ಹೊರಗೋಡೆಯ ಗೂಡಿನಲ್ಲಿ ಇಟ್ಟು ಹೋಗಬೇಕೆಂಬುದು ಅಲ್ಲಿನ ಕಟ್ಟಳೆ. ಮೇಡಂ ಎರಡನ್ನೂ ಇಟ್ಟರು. ಬಾಗಿಲು ತಳ್ಳಿದರು.

ಸೊಸೆ ಒಬ್ಬಳೇ ಇದ್ದಳು. ರಬ್ಬರು ಏಪ್ರನ್, ಮೊಣಕೈವರೆಗೆ ಗ್ಲೌಸು. ಮಿಕ್ಸರಿನ ರೆಕ್ಕೆಗೆ ಅಂಟಿದ್ದ ರೆಸಿನ್ನನ್ನು ಕೆರೆದು ತೆಗೆಯುತ್ತಿದ್ದಳು. ಗಂಡ ಸತ್ತ ಮರುದಿನವೇ ಕೆಲಸಕ್ಕೆ ಬಂದಳೆಂದು ಊರೆಲ್ಲ ಆಡಿಕೊಂಡಿತ್ತು. ಮೇಡಂ ಕೈಯ ಬಿಳಿ ಚೂರನ್ನು ನೋಡಿದಳು. ಕೆರೆಯುವುದನ್ನು ನಿಲ್ಲಿಸಲಿಲ್ಲ.

"ಬಾಗಿಲು ಹಾಕ್ಕೊಳ್ಳಿ ಮೇಡಂ. ಧೂಳು ಬರುತ್ತೆ."

"ಮಧ್ಯಾಹ್ನದ ಹಲಗೆ ಯಾವ್ದು ತಾಯಿ? ಕಪ್ಪಾಗೋದಾ, ಬೆಳ್ಳಗಾಗೋದಾ?"

ಸೊಸೆ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ನಿಧಾನವಾಗಿ ಬಂದು ತಾನೇ ಬಾಗಿಲು ಹಾಕಿದಳು. ಚಿಲಕ ಜಡಿದಳು. ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಬೆಳ್ಳಗಾಗೋದು," ಎಂದಳು.

"ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ. ಹೋಗಿ ತೆಗೆಸಿಬಿಡೋಣ ಬಾ."

"ಹೊತ್ತಿಲ್ಲ ಮೇಡಂ. ಅತಿಥಿಗಳಿಗೆ ಅವಸರ ಅಂತೆ. ಊಟಕ್ಕೆ ಮೊದಲೇ ತೋರಿಸ್ತಾರೆ. ಕುಲುಮೆ ಆಗ್ಲೇ ಕಾದಿದೆ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಸ್ವಲ್ಪ ಹೊತ್ತು ಇಲ್ಲೇ ಕೂತ್ಕೊಳ್ಳಿ. ನೀರು ಬೇಕಾ?"

"ಚಿಲಕ ತೆಗಿ."

"ತೆಗೆಯಲ್ಲ."

"ಒಬ್ಬ ಮನುಷ್ಯ ಸಾಯ್ತಾನೆ!"

"ಸಾಯ್ಲಿ ಅಂತಾನೇ ಮಾಡಿದ್ದು!" ಆಗ ಅವಳ ದನಿ ಒಡೆಯಿತು. "ಅವರು ನಿಂತ ಜಾಗದಲ್ಲೇ ಅವನೂ ನಿಲ್ಲಲಿ. ಅವರು ಬಾಗಿಲು ಬಡಿದ ಹಾಗೆ ಅವನೂ ಬಡೀಲಿ. ಅವರ ಅಂಗಿ ಮೈಗೆ ಅಂಟಿತ್ತು ಮೇಡಂ. ಬಿಡಿಸೋಕೆ ಹೋದ್ರೆ ಚರ್ಮ ಬರ್ತಿತ್ತು. ಕೊನೆಗೆ ಹಾಗೇ ಕಳಿಸಿಕೊಟ್ಟೆ, ಅರ್ಧ ಅಂಗಿ ಸಮೇತ. ನೀವು ಬೂದಿ ಓದ್ತೀರಿ. ನಾನು ಆ ಬೂದಿ ಜೊತೆ ಸಂಸಾರ ಮಾಡಿದ್ದೆ."

ಮೇಡಂ ಸ್ಟೂಲು ಎಳೆದುಕೊಂಡು ಕುಳಿತರು. ಗಟ್ಟಿಯಾಗಿ ಕೂಗಿದರೂ ಪ್ರೆಸ್ಸಿನ ಸದ್ದಿನಲ್ಲಿ ಯಾರಿಗೂ ಕೇಳಿಸದು. ಈ ವಯಸ್ಸಿನಲ್ಲಿ ತೋಳುಬಲದ ಮಾತೂ ಬೇಡ. ಉಳಿದದ್ದು ನಾಲಿಗೆ ಒಂದೇ.

"ಎರಡು ದಿನ ಕಾದಿದ್ರೆ ನಾನೇ ಅವನ ಕೈಗೆ ಕೋಳ ತೊಡಿಸ್ತಿದ್ದೆ."

"ತೊಡಿಸಿ? ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಕೋರ್ಟಿಗೆ ಹೋಗ್ತಾನೆ. ದೊಡ್ಡ ವಕೀಲರನ್ನ ಇಡ್ತಾನೆ. ವರ್ಷಗಟ್ಟಲೆ ಎಳೀತಾನೆ. ಅಷ್ಟರಲ್ಲಿ ನಿಮ್ಮ ಸಿಟ್ಟು ಕರಗಿರುತ್ತೆ. ನಂದು ಕರಗಲ್ಲ. ನಾನು ಮೇಣ ಅಲ್ಲ ಮೇಡಂ, ಈ ಮಿಶ್ರಣದ ಥರ. ಒಂದ್ಸಲ ಬೆಂದು ಗಟ್ಟಿಯಾದ್ರೆ ಆಯ್ತು, ಮತ್ತೆ ಎಷ್ಟು ಕಾಯ್ಸಿದ್ರೂ ಮೆತ್ತಗಾಗಲ್ಲ."

"ಅವನೇ ಮಾಡಿದ್ದು ಅಂತ ಹೇಗೆ ಹೇಳ್ತೀಯ?"

"ಅವರಿಗೆ ವಾಸನೆ ಗೊತ್ತಾಗ್ತಿರ್ಲಿಲ್ಲ ಅಂತ ನೀವೂ ಕಂಡುಹಿಡಿದಿರಬೇಕು. ಹಾಲು ಒಡೆದಿದ್ರೂ ಕುಡೀತಿದ್ರು. ಯಾರಿಗೂ ಹೇಳ್ಬೇಡ ಅಂತ ನನ್ನ ಕೈ ಹಿಡ್ಕೊಂಡಿದ್ರು. ಮಾವನಿಗೂ ಹೇಳಿರ್ಲಿಲ್ಲ. ನಾನೇ ಬಟ್ಟೆ ಮೂಸಿ ನೋಡಿ ಕೊಡ್ತಿದ್ದೆ. ಆ ಒಂದು ದಿನ ಜ್ವರ ಬಂದು ನಾನು ಮನೇಲಿ ಮಲಗಿದ್ದೆ." ತುಟಿ ಕಚ್ಚಿಕೊಂಡಳು. "ಈ ಗುಟ್ಟು ಅವನಿಗೆ ಗೊತ್ತಿತ್ತು."

"ಅವನಿಗೆ ಗೊತ್ತಿತ್ತು ಅಂತ ನಿಂಗೆ ಹೇಗೆ ಗೊತ್ತು?"

"ನಾದಿನಿ ಹೇಳಿದ್ಲು. ಹದಿಮೂರನೇ ದಿನ ಬಂದು ನನ್ನ ತೊಡೆ ಮೇಲೆ ತಲೆ ಇಟ್ಟು ಅತ್ತಳು. 'ಅತ್ತಿಗೆ, ಅಣ್ಣನ ಮೂಗಿನ ವಿಷಯ ನಮ್ಮನೆಯವರಿಗೆ ಗೊತ್ತಿತ್ತು. ಅವತ್ತು ಇವರು ಕಾರ್ಖಾನೆಯಿಂದ ತಡವಾಗಿ ಬಂದ್ರು, ಕೈಯೆಲ್ಲ ಕೆಂಪಾಗಿತ್ತು' ಅಂದ್ಲು. ಕಟ್ಟಿಕೊಂಡ ಗಂಡನ ಮೇಲೆ ಯಾರಾದ್ರೂ ಸುಮ್ನೆ ಹೇಳ್ತಾರಾ?"

ಮೇಡಂ ಹುಬ್ಬು ಮೇಲೇರಿತು. "ನಾದಿನಿಗೆ ಅಣ್ಣನ ಮೂಗಿನ ವಿಷಯ ಹೇಳಿದೋರು ಯಾರು?"

ಸೊಸೆ ಬಾಗಿಲಿಗೆ ಒರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದಳು.

"ನೀನು ಹೇಳಿಲ್ಲ. ನಿನ್ನ ಗಂಡ ತಂದೆಗೇ ಹೇಳಿಲ್ಲ, ತಂಗಿಗೆ ಹೇಳ್ತಾನಾ? ಅವಳೇ ಕಂಡುಹಿಡಿದಿರಬೇಕು. ರೆಸಿನ್ ವಾಸನೆ ಗೊತ್ತಿದ್ದೋರಿಗೆ ಮಾತ್ರ ಪಕ್ಕದೋರ ಮೂಗು ಸತ್ತಿದೆ ಅಂತ ಗೊತ್ತಾಗುತ್ತೆ. ಆ ಹುಡುಗಿಗೆ ರೆಸಿನ್ ಗೊತ್ತಾ?"

"ಗೊತ್ತಾ ಅಂತ ಕೇಳ್ತೀರಲ್ಲ..." ಸೊಸೆಯ ದನಿ ತಗ್ಗಿತು. "ಈ ಮಿಶ್ರಣ ಮೊದಲು ಮಾಡಿದ್ದೇ ಅವಳು. ಇದೇ ಕೋಣೇಲಿ. ಮದುವೆ ಗೊತ್ತಾದ ದಿನ ಮಾವ ಬೀಗದ ಕೈ ಇಸ್ಕೊಂಡ್ರಂತೆ. 'ಕೊಟ್ಟ ಹೆಣ್ಣು, ನಿಂಗ್ಯಾಕೆ ಡ್ರಮ್ಮಿನ ಉಸಾಬರಿ' ಅಂತ. ಎಲ್ಲಾನೂ ಇವರ ಕೈಗೆ ಕೊಟ್ರು. ಇವರೂ ಅದು ತಂಗೀದು ಅಂತ ಯಾರ ಹತ್ರಾನೂ ಹೇಳ್ಲಿಲ್ಲ."

"ಆಮೇಲೆ ನಿನ್ನನ್ನ ತಂದು ಇದೇ ಕೋಣೇಲಿ ನಿಲ್ಸಿದ್ರು."

"ಹೂಂ. ಸೊಸೆ ಮನೆಯವಳಲ್ವಾ..." ಅವಳು ಅರ್ಧಕ್ಕೇ ನಿಲ್ಲಿಸಿದಳು. ಗ್ಲೌಸಿನ ಕೈ ಬಾಯಿಗೆ ಹೋಯಿತು.

"ನೋಡಮ್ಮಾ," ಮೇಡಂ ಎದ್ದು ಹತ್ತಿರ ಬಂದರು. "ಸಿಟ್ಟು ನಿಂದು, ಅದನ್ನ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಆ ಸಿಟ್ಟಿಗೆ ದಾರಿ ತೋರಿಸಿದೋಳು ಬೇರೆಯವಳು. ಹೊರಗೆ ನಿಂತಿರೋನು ಹೆಂಡತಿ ಮಾಡಿದ್ದನ್ನ ನಂದು ಅಂತ ಕೊಚ್ಚಿಕೊಳ್ಳೋ ಜಂಬದ ಕೋಳಿ. ಅವನು ಕೊಲೆಗಾರ ಅನ್ನೋಕೆ ನಿನ್ನ ಹತ್ರ ಇರೋದು ಅವಳ ಕಣ್ಣೀರು ಮಾತ್ರ. ಚಿಲಕ ತೆಗಿ."

ಅವಳು ಕದಲಲಿಲ್ಲ. ಮುಖದ ಮೇಲೆ ದ್ವೇಷವೂ ಭಯವೂ ಒಂದನ್ನೊಂದು ನೂಕಾಡುತ್ತಿದ್ದವು. ದೂರದಲ್ಲಿ, ಪ್ರೆಸ್ಸಿನ ಸದ್ದನ್ನೂ ಸೀಳಿ, ಶೆಡ್ಡಿನ ಸರಪಳಿ ಕಿರ್ ಎಂದಿತು.

ಆ ಸದ್ದು ಅವಳಿಗೆ ಗೊತ್ತಿತ್ತು. ಕಳೆದ ತಿಂಗಳು ಗಂಡ ಗೂಡಿಗೆ ಹೋಗುವ ಹೊತ್ತಿಗೆ ಜ್ವರದಲ್ಲೇ ಎದ್ದು ಓಡಿಬಂದು ಗೇಟಿನ ಹತ್ತಿರ ಕೇಳಿದ್ದ ಸದ್ದು. ಅವಳ ಕೈ ತಾನಾಗಿ ಚಿಲಕಕ್ಕೆ ಹೋಯಿತು.

*

ಇಬ್ಬರೂ ಓಡಿದರು. ಹೊರಗೋಡೆಯ ಗೂಡಿನಿಂದ ಸೊಸೆ ತನ್ನ ಫೋನು ಬಾಚಿಕೊಂಡಳು. ಮೇಡಂ ಲೈಟರನ್ನೂ ಫೋನನ್ನೂ ಅಲ್ಲೇ ಬಿಟ್ಟು ಸೆರಗು ಬಿಗಿದು ಹಿಂದೆಯೇ ಧಾವಿಸಿದರು.

ಶೆಡ್ಡು ಕಿತ್ತಳೆ ಬಣ್ಣವಾಗಿತ್ತು. ಕುಲುಮೆಯ ಬಾಗಿಲು ಪೂರ್ತಿ ಮೇಲಿತ್ತು. ಅತಿಥಿಗಳು ಗೋಡೆಗೆ ಒತ್ತಿ ನಿಂತು ಮುಖ ಮುಚ್ಚಿಕೊಂಡಿದ್ದರು. ಹೊಸ ಹಲಗೆಯ ಹಿಂದೆ, ಗೂಡಿನ ಒಳಗೆ, ಅಳಿಯನ ನೆರಳು.

"ನಿಲ್ಸಿ! ಬಾಗಿಲು ಇಳ್ಸಿ!" ಮೇಡಂ ಅರಚಿದರು.

ಇನ್ಸ್‌ಪೆಕ್ಟರ್ ಸರಪಳಿಯವನ ಮೇಲೆ ಬಿದ್ದು ಹಿಡಿ ಎಳೆದರು. ಬಾಗಿಲು ಮೆಲ್ಲಗೆ, ಬಹಳ ಮೆಲ್ಲಗೆ ಇಳಿಯತೊಡಗಿತು. ಸೊಸೆ ನಡುವೆ ನಿಂತುಬಿಟ್ಟಳು. ಅವಳ ಕಣ್ಣು ಹಲಗೆಯ ಮೇಲಿತ್ತು. ಈಗ ಭುಗ್ಗೆನ್ನಬೇಕು. ಈಗ ಕಪ್ಪು ಹೊಗೆ ಏಳಬೇಕು.

ಏಳಲಿಲ್ಲ.

ಹಲಗೆ ಕೆಂಪಗೆ ಕಾಯಿತು. ಕಪ್ಪಾಯಿತು. ಹಾಗೆಯೇ ನಿಂತಿತು.

ಬಾಗಿಲು ಮುಚ್ಚಿತು. ಅಳಿಯ ಗೂಡಿನಿಂದ ಹೊರಬಂದ. ಬೆವರಿದ್ದ, ಆದರೆ ಅಂಗಿಯ ಗೆರೆ ಕೂಡ ಮುರಿದಿರಲಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು.

"ನೋಡಿದ್ರಾ ಅಕ್ಕಾ!" ಎಂದ ಅವನು ಸೊಸೆಯ ಕಡೆ ತಿರುಗಿ, ನಿಜವಾದ ಖುಷಿಯಲ್ಲಿ. "ಒಳಗೆ ನಿಲ್ಲೋಕೆ ಹೆದರಿಕೆ ಆಗಿತ್ತು, ಸುಳ್ಳು ಹೇಳಲ್ಲ. ಬೆಳಗ್ಗೆಯಿಂದ ಈ ಶೆಡ್ಡು ನೋಡಿದ್ರೇ ಎದೆ ಡವಡವ. ಆದ್ರೆ ನೀವು ಮಾಡಿದ ಹಲಗೆ ಬಂಡೆ, ಬಂಡೆ!"

ಸೊಸೆಯ ತುಟಿ ಬಿಳಿಚಿತ್ತು. "ಇದು... ಇಲ್ಲಿಗೆ ಇಟ್ಟಿದ್ದಲ್ಲ. ಇದು ಮಾವನಿಗೆ ಮಾಡಿದ್ದು."

"ಲಾರಿಗೆ ಹತ್ತಿಸಿದ್ದು ಯಾರು?" ಮೇಡಂ ಅಳಿಯನ ರಟ್ಟೆ ಹಿಡಿದರು.

"ನಮ್ಮವಳೇ. ಯಾಕೆ? ಎರಡೂ ನೋಡೋಕೆ ಅವಳಿ ಜವಳಿ ಇದ್ವು. ಅವಳು ಎರಡನ್ನೂ ಮೂಸಿ ನೋಡಿ, 'ಇದು ಅಪ್ಪಂಗೆ, ಇದು ನಿಮಗೆ' ಅಂದ್ಲು. ತಮಾಷೆ ಮಾಡ್ತಿದಾಳೆ ಅಂದ್ಕೊಂಡೆ."

ಮುಚ್ಚಿದ ಕುಲುಮೆಯೊಳಗೆ ಬೆಂಕಿ ಇನ್ನೂ ಗೊಣಗುತ್ತಿತ್ತು.

ಮೇಡಂಗೆ ಎಲ್ಲವೂ ಒಂದೇ ಏಟಿಗೆ ಕಂಡಿತು. ಅಣ್ಣನನ್ನು ಕೊಂದವಳು ಅತ್ತಿಗೆಯ ದುಃಖಕ್ಕೆ ಸುಳ್ಳು ಗುರಿ ತೋರಿಸಿದಳು. ಅತ್ತಿಗೆ ಅವಳು ಬಯಸಿದ ಹಾಗೆಯೇ ಕೊಲ್ಲುವ ಹಲಗೆ ಮಾಡಿದಳು. ಈಗ ಅದು ಹೋಗಿದ್ದು ನಾದಿನಿಯ ಗಂಡನಿಗಲ್ಲ, ಅವಳ ಬೀಗದ ಕೈ ಕಿತ್ತುಕೊಂಡ ತಂದೆಗೆ. ತಂದೆ ಸತ್ತರೆ ಹಲಗೆಯನ್ನು ಮಾಡಿದ ಕೈ ಯಾವುದೆಂದು ಎಲ್ಲರಿಗೂ ಗೊತ್ತು. ಅಣ್ಣ, ಅಪ್ಪ, ಅತ್ತಿಗೆ. ಮೂವರಿಗೂ ಒಂದೇ ಬೆಂಕಿ.

"ಫೋನ್ ಮಾಡು!"

ಸೊಸೆ ಆಗಲೇ ಗ್ಲೌಸು ಕಿತ್ತೆಸೆದು ಮಾವನ ನಂಬರು ಒತ್ತಿದ್ದಳು. ಇನ್ಸ್‌ಪೆಕ್ಟರ್ ತಮ್ಮ ಫೋನಿನಲ್ಲಿ ಫೌಂಡ್ರಿಯ ಕಡೆಯ ಠಾಣೆಗೆ ಕರೆ ಮಾಡುತ್ತಿದ್ದರು. ಅಲ್ಲಿ ಯಾರೂ ಎತ್ತುತ್ತಿರಲಿಲ್ಲ. ಸೊಸೆಯ ಫೋನು ರಿಂಗಾಗುತ್ತಲೇ ಇತ್ತು. ಅವಳು ಸ್ಪೀಕರ್ ಒತ್ತಿದಳು.

ಎತ್ತಿದರು.

"ಮಾವಾ! ಮಾವಾ, ಅದರ ಹಿಂದೆ ನಿಲ್ಬೇಡಿ..."

"ಅತ್ತಿಗೆ," ಎಂದಿತು ಒಂದು ತಣ್ಣನೆಯ ಹೆಣ್ಣು ದನಿ. ಹಿಂದೆ ದೊಡ್ಡ ಕುಲುಮೆಯ ಗದ್ದಲ. "ಅಪ್ಪನ ಫೋನು ನನ್ನ ಹತ್ರ ಇದೆ. ಅವರು ಈಗಷ್ಟೇ ಗೂಡಿನೊಳಗೆ ಹೋದ್ರು. ಸೊಸೆ ಮಾಡಿದ್ದು, ಸೊಸೆ ಮಾಡಿದ್ದು ಅಂತ ಇಲ್ಲಿದ್ದೋರಿಗೆಲ್ಲ ಹೇಳ್ಕೊಂಡು ಹೋದ್ರು."

"ಅವರನ್ನ ಹೊರಗೆ ಕರಿ! ಬೇಗ ಕರಿ!"

"ಯಾಕೆ ಅತ್ತಿಗೆ? ಹಲಗೇಲಿ ಏನಾದ್ರೂ ತಪ್ಪಿದೆಯಾ?"

ಸೊಸೆ ಸುತ್ತ ನೋಡಿದಳು. ಎದುರಿಗೆ ಇನ್ಸ್‌ಪೆಕ್ಟರ್. ಬೆವರು ಒರೆಸಿಕೊಳ್ಳುತ್ತಿದ್ದ ಅಳಿಯ. ಗೋಡೆಗೆ ಅಂಟಿಕೊಂಡ ಅತಿಥಿಗಳು. ಅವಳು ಬಾಯಿ ಬಿಟ್ಟರೆ ಅವಳ ಕೈಗೇ ಕೋಳ. ಮೇಡಂ ಅವಳ ಬೆನ್ನ ಮೇಲೆ ಕೈ ಇಟ್ಟರು.

"ಕೇಳಿಸ್ತಿಲ್ಲ ಅತ್ತಿಗೆ. ತಪ್ಪಿದೆಯಾ?"

"ಇದೆ!" ಸೊಸೆಯ ಕೂಗಿಗೆ ಶೆಡ್ಡಿನ ತಗಡು ಅದುರಿತು. "ಅದು ಸಾದಾ ರೆಸಿನ್ನು! ನಾನೇ ಮಾಡಿದ್ದು, ನಿನ್ನ ಗಂಡನ್ನ ಕೊಲ್ಲೋಕೆ ಮಾಡಿದ್ದು! ನನ್ನ ಜೈಲಿಗೆ ಹಾಕಿಸು, ನೇಣಿಗೆ ಹಾಕಿಸು, ಮಾವನ್ನ ಹೊರಗೆ ಕರಿ ತಾಯಿ!"

ಅಳಿಯ ಒಂದು ಹೆಜ್ಜೆ ಹಿಂದೆ ಸರಿದ. ಇನ್ಸ್‌ಪೆಕ್ಟರ್ ಫೋನು ಹಿಡಿದ ಕೈ ಕೆಳಗೆ ಬಿತ್ತು.

ಆ ಕಡೆಯ ದನಿ ಫೋನಿಗೆ ಇನ್ನೂ ಹತ್ತಿರವಾಯಿತು.

"ನಿಮ್ಮ ಕಡೆ ಎಲ್ಲರಿಗೂ ಕೇಳಿಸಿರಬೇಕಲ್ಲ ಅತ್ತಿಗೆ. ಅಷ್ಟು ಸಾಕು. ಈ ಕಡೆ ಬಹಳ ಸದ್ದು. ಯಾರಿಗೂ ಏನೂ ಕೇಳಿಸಲ್ಲ."

ಅವಳು ಫೋನನ್ನು ಕಿವಿಯಿಂದ ದೂರ ಮಾಡಿದಳೇನೋ. ಯಾರಿಗೋ ಗಟ್ಟಿಯಾಗಿ, ಲವಲವಿಕೆಯಿಂದ ಹೇಳಿದ್ದು ಎಲ್ಲರಿಗೂ ಕೇಳಿಸಿತು:

"ಹೂಂ, ಅಪ್ಪ ರೆಡಿಯಂತೆ. ಬಾಗಿಲು ಎತ್ತಿ."